ಹಗ್ಗ ಮುಟ್ಟದ ಮನುಷ್ಯ

ಹೋದ ವಾರ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕಂಡದ್ದನ್ನು ಯಾರ ಮುಂದಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ರೋಣಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರು, “ಯಾಕ್ರಿ, ಮೈಯಾಗ ಆರಾಮ ಇಲ್ಲೇನು?” ಎಂದು ಕೇಳಿದರು. ಏನು ಹೇಳಲಿ? ಹೆಣ ಎತ್ತುವುದನ್ನು ನೋಡಿ ಬಂದೆ ಎಂದರೆ, ಅದು ಎಲ್ಲರೂ ನೋಡಿದ್ದೇ. ಹಾಗೆ ಎತ್ತಿದ್ದನ್ನು ಮಾತ್ರ ಯಾರೂ ನೋಡಿರಲಿಕ್ಕಿಲ್ಲ. ಆದರೆ ಅದಕ್ಕೆ ಮೊದಲು, ಹೆಣವಾಗಿ ಮಲಗಿದ್ದವರು ಯಾರೆಂದು ಹೇಳಬೇಕು. ನಮ್ಮ ಹಿರಿಯರು ಕಥೆ ಹೇಳುವಾಗ ಮೊದಲು ಮನುಷ್ಯನನ್ನು ಕಣ್ಣೆದುರು ಕೂಡಿಸಿ, ಆಮೇಲೆ ಅವನನ್ನು ನಡೆಸುತ್ತಿದ್ದರು.

ಇವರನ್ನು ಕೂಡಿಸುವುದು ಸುಲಭ. ನಾನು ಮೊದಲ ಸಲ ಕಂಡಾಗಲೂ ಕೂತೇ ಇದ್ದರು.

ರೋಣದ ಹತ್ತಿ ಗಿರಣಿಯಲ್ಲಿ ನನಗೆ ತೂಕದ ಕೆಲಸ ಸಿಕ್ಕ ಹೊಸತು. ಯಂತ್ರದಲ್ಲಿ ಒತ್ತಿ, ತಗಡಿನ ಪಟ್ಟಿ ಬಿಗಿದ ಹತ್ತಿಯ ಗಂಟುಗಳನ್ನು ಗೋದಾಮಿನ ಅಟ್ಟಕ್ಕೆ ಏರಿಸುತ್ತಿದ್ದರು. ಮೇಲೆ ತೊಲೆಗೆ ಕಟ್ಟಿದ ಗಡಗಡಿ, ಅದರಿಂದ ಇಳಿದ ದಪ್ಪ ಹಗ್ಗ, ಹಗ್ಗಕ್ಕೆ ಬಿದ್ದು ಜಗ್ಗುತ್ತಿದ್ದ ಏಳೆಂಟು ಗಟ್ಟಿಯಾಳುಗಳು. ಅವರ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವರಿಂದ ನಾಲ್ಕು ಮಾರು ದೂರದಲ್ಲಿ ಒಬ್ಬರು ಗಂಟಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು ಕೂತು, ತಂಬಾಕಿನ ಬಾಯಿಯಲ್ಲೇ ಕೂಗುತ್ತಿದ್ದರು.

“ಮೌಲಾ ಮಾವನ ಮನಿಗೆ ಹೋದಾ…”

“ಹೈಸಾ!” ಎಂದು ಎಲ್ಲರೂ ಒಮ್ಮೆಲೇ ಜಗ್ಗಿದರು. ಗಂಟು ಮೊಳದಷ್ಟು ಏರಿತು.

“ಹತ್ತು ಹೋಳಿಗಿ ಕುಂತು ತಿಂದಾ…”

“ಹೈಸಾ!”

“ತಿಂದದ್ದು ತೋಳಿಗೆ ಬರವಲ್ದಲ್ಲಾ…”

“ಹೈಸಾ!”

ಹಗ್ಗದ ಕೊನೆಯಲ್ಲಿದ್ದ ಮೌಲಾಸಾಬ ನಗುತ್ತಲೇ, “ಕಾಕಾ, ನಮ್ಮ ಮಾವನ ಮನಿಯಾಗ ಹೋಳಿಗಿ ಎಲ್ಲೈತೋ?” ಅಂದ. “ಅದಕ್ಕ ಬರವಲ್ದು ನೋಡು!” ಎಂದು ಇವರು ಅಷ್ಟೇ ಗಂಭೀರವಾಗಿ ಅಂದರು.

ನಾನು ದಂಗಾಗಿ ನಿಂತೆ. ದುಡಿಯುವವರನ್ನು ಕೂತು ಬೈಯುವುದಕ್ಕೂ ಪಗಾರ ಕೊಡುತ್ತಾರೆಯೇ ಎಂದು.

ಎಲ್ಲರೂ ಅವರನ್ನು ಜಹಾಜದ ಕಾಕಾ ಎನ್ನುತ್ತಿದ್ದರು. ಹುಟ್ಟಿದ್ದು ಗಜೇಂದ್ರಗಡದ ನೇಕಾರರ ಮನೆಯಲ್ಲಿ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವುದು ಅವರಿಗೆ ಹರೆಯದಲ್ಲೇ ಬೇಸರ ಬಂದಿತ್ತು. “ಸೊಂಟದ ಮಟಾ ಹುಗಸ್ಕೊಂಡು ಬದುಕೂದು ನನಗ ಆಗಲಿಲ್ರಿ” ಎನ್ನುತ್ತಿದ್ದರು. ಮುಂಬಯಿಗೆ ಓಡಿಹೋಗಿ ಇಂಗ್ಲಿಷರ ಹಡಗಿನಲ್ಲಿ ಖಲಾಸಿಯಾದರು. ದೊಡ್ಡ ಯುದ್ಧ ಮುಗಿದ ಮೇಲೆ ಊರಿಗೆ ಬಂದು, ರೋಣದ ಗಿರಣಿಯಲ್ಲಿ ಹಗ್ಗದ ಆಳುಗಳಿಗೆ ಕೂಗುವವರಾದರು. ವಾರವೆಲ್ಲ ಗಿರಣಿಯ ಚಾಳಿನಲ್ಲೇ ಇದ್ದು, ರಜೆಯ ದಿನ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಮಗ್ಗ ಹೆಂಡತಿಯ ಪಾಲಿಗೆ ಬಿದ್ದಿತ್ತು.

ಆ ತಾಯಿಯನ್ನು ಒಮ್ಮೆ ನೋಡಿದ್ದೆ. ತಂಗಿಯ ಮದುವೆಗೆ ಸೀರೆ ತರಲು ಹೋದಾಗ ಕಾಕಾ ನನ್ನನ್ನು ಮನೆಗೆ ಕರೆದೊಯ್ದಿದ್ದರು. ಕುಣಿಯಲ್ಲಿ ಕೂತು ಲಾಳಿ ಎಸೆಯುತ್ತಲೇ ಆಕೆ ಮಾತಾಡಿದಳು. “ಇವರು ಹಡಗ ಬಿಟ್ಟು ಬಂದಾರ, ಇವರ ಬಾಯಿ ಇನ್ನೂ ಅಲ್ಲೇ ಐತ್ರಿ. ನಿದ್ದಿಯೊಳಗ ಕೂಗತಾರ. ಅರ್ಧಕ್ಕ ಬಿಟ್ರ ನಂಗ ಮತ್ತ ನಿದ್ದಿ ಹತ್ತೂದಿಲ್ಲ. ಕಡೀಕ ನಾನ ‘ಹೈಸಾ’ ಅಂದು ಮಲಗಸ್ತೀನಿ.”

ಕಾಕಾ ನಾಚಿಕೊಂಡು ಹೊರಗೆ ಹೋಗಿ ತಂಬಾಕು ಉಗುಳಿ ಬಂದರು. ಆ ಗಂಟಲಿನ ಮನುಷ್ಯ ನಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೂತು ಕೂಗುವುದು ಎಂಥ ಕೆಲಸ ಎಂಬುದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಗಂಟು ಅಟ್ಟದ ಅಂಚಿಗೆ ಏರಿತ್ತು. ಕಾಕಾ ಒಂದು ಸಾಲನ್ನು ಎತ್ತಿಕೊಂಡವರು ನಡುವೆಯೇ ಬಾಯಿ ಮುಚ್ಚಿದರು. ಅಷ್ಟೇ. ಹಗ್ಗ ಹಿಡಿದವರೆಲ್ಲ ಕಲ್ಲಾದರು. ಯಾರೂ ಯಾಕೆಂದು ಕೇಳಲಿಲ್ಲ, ತಲೆ ಎತ್ತಿ ನೋಡಲಿಲ್ಲ. ಕತ್ತಿನ ನರ ಉಬ್ಬಿ, ತೋಳು ನಡುಗುತ್ತಿದ್ದರೂ ಹಗ್ಗ ಒಂದು ಬೆರಳಿನಷ್ಟು ಅಲುಗಲಿಲ್ಲ. ಏನಾಯಿತೆಂದು ನೋಡಿದರೆ, ತೂಗುತ್ತಿದ್ದ ಗಂಟಿನ ಸರಿಯಾಗಿ ಕೆಳಗೆ, ಚಹಾ ತರುವ ಮುದುಕಿ ಕಿತ್ತಲಿ ಹಿಡಿದುಕೊಂಡು ತನ್ನಷ್ಟಕ್ಕೆ ಏನೋ ಗೊಣಗುತ್ತ ನಡೆದು ಹೋಗುತ್ತಿದ್ದಾಳೆ! ಆಕೆ ದಾಟಿ ಆಚೆ ಹೋದಳು. ತಲೆಯ ಮೇಲೆ ಏನಿತ್ತೆಂದು ಆಕೆಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ಕಾಕಾ ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಹಿಡಿದರು. “ಹೈಸಾ!”

ಕೆಲಸ ಮುಗಿದ ಮೇಲೆ ಕೇಳಿದೆ, “ನಿಲ್ಲರಿ ಅಂತ ಹೇಳಬೇಕಿಲ್ಲೇನು ಕಾಕಾ?”

“ಹೇಳಿದ್ರ ಕೆಟ್ಟಂಗ. ನಿಂದ್ರು ಅಂದ್ರ ಒಬ್ಬಾವ ಲಗೂ ಕೇಳತಾನ, ಒಬ್ಬಾವ ತಡಾ ಮಾಡಿ ಕೇಳತಾನ. ಸುಮ್ಮನಾದದ್ದು ಎಲ್ಲಾರಿಗೂ ಒಮ್ಮೆಲೇ ಕೇಳತೈತಿ. ಕೂಗು ನಿಂತ್ರ ಕೈ ನಿಲ್ಲಬೇಕು. ಹಡಗದ ಮ್ಯಾಲೂ ಅದ ರಿವಾಜು.”

“ನೀವೂ ಒಂದು ಕೈ ಹಚ್ಚಿದ್ರ…”

“ಹಗ್ಗ ಹಿಡದಾವಗ ಹಗ್ಗ ಅಷ್ಟ ಕಾಣತೈತಿ ತಮ್ಮಾ. ಭಾರ ನೋಡಾಕ ಒಬ್ಬಾವ ಖಾಲಿ ಇರಬೇಕು.”

ಇಷ್ಟು ಹೇಳಿ ಅವರು ಸುಮ್ಮನಿರುವ ಜಾತಿಯವರಲ್ಲ. ತಾವಿಲ್ಲದಿದ್ದರೆ ಅರಬ್ಬೀ ಸಮುದ್ರದಲ್ಲಿ ಒಂದು ಹಡಗೂ ದಂಡೆ ಹತ್ತುತ್ತಿರಲಿಲ್ಲ ಎಂಬಂತೆ ಮಾತಾಡುತ್ತಿದ್ದರು. ಏಡನ್ನಿನಲ್ಲಿ ತಮ್ಮ ಕೂಗು ಕೇಳಿ ಪಕ್ಕದ ಹಡಗಿನವರೂ ತಪ್ಪಿ ಜಗ್ಗಿಬಿಟ್ಟರೆಂದು ಒಂದು ಕಥೆ ಇತ್ತು. ಕೇಳುವವರು ನಕ್ಕರೆ, “ಸುಳ್ಳಾದ್ರ ಏಡನ್ನಿಗೆ ಹೋಗಿ ಕೇಳ್ರಿ” ಎನ್ನುತ್ತಿದ್ದರು. ರೋಣದಿಂದ ಏಡನ್ನಿಗೆ ಯಾರು ಹೋಗುತ್ತಾರೆ?

ಹೀಗಿರುವಾಗ ಮುಂಬಯಿಯಿಂದ ಹೊಸ ಮ್ಯಾನೇಜರರು ಬಂದರು. ಇನ್ನೂ ಹರೆಯದವರು, ಇಂಗ್ಲಿಷರ ಕಂಪನಿಯಲ್ಲಿ ಪಳಗಿದವರು. ಕೆಟ್ಟವರಲ್ಲ, ಆ ಮಾತು ಹೇಳಲೇಬೇಕು. ಆಳುಗಳ ಕುಡಿಯುವ ನೀರಿನ ಹಂಡೆಗೆ ಮೊದಲ ಸಲ ಮುಚ್ಚಳ ಹಾಕಿಸಿದವರು ಅವರೇ. ಆದರೆ ಗಿರಣಿಯಲ್ಲಿ ಯಾರಾದರೂ ಸುಮ್ಮನೆ ಕೂತರೆ ಅವರ ಕಣ್ಣಿಗೆ ಮುಳ್ಳು ನೆಟ್ಟಂತೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಹೇಳುವುದೇನಿದ್ದರೂ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಆಳುಗಳಿಗೆ ಹೇಳಬೇಕು.

ಒಂದು ಮುಂಜಾನೆ ಗೋದಾಮಿನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಜಗ್ಗುತ್ತಿದ್ದವರನ್ನು ನೋಡಿದರು, ಕೂತವರನ್ನು ನೋಡಿದರು. ಆ ದಿನ ಅವರು ನರಗುಂದಕ್ಕೆ ಹೊರಟಿದ್ದರು. ಅಲ್ಲಿ ಮುಚ್ಚಿಹೋದ ಒಂದು ಗಿರಣಿಯ ಹಳೆ ಬಾಯ್ಲರನ್ನು ನಮ್ಮ ಗಿರಣಿಗೆ ಕೊಳ್ಳುವುದಿತ್ತು. ಜೀಪು ಹತ್ತುತ್ತ, ಕಾಕಾನ ಕಡೆಗೆ ಬೆರಳು ತೋರಿಸಿ, ಅವನಿಗೆ ‘ಹೀವ್ ಹೋ’ ಕೊಟ್ಟುಬಿಡು, ಇವತ್ತೇ, ಎಂದರು. ಜೀಪು ಹೋಯಿತು.

ಆ ಮಾತು ನನಗೆ ತಿಳಿಯಲಿಲ್ಲ. ಮ್ಯಾಟ್ರಿಕ್ಕಿನ ಇಂಗ್ಲಿಷಿನಲ್ಲಿ ಅದು ಬಂದಿರಲಿಲ್ಲ. ಕೊಡು ಎಂದಿದ್ದಾರೆ, ನಗುಮುಖದಿಂದಲೇ ಎಂದಿದ್ದಾರೆ, ಒಳ್ಳೆಯದೇ ಇರಬೇಕು ಅಂದುಕೊಂಡೆ. ಏನು ಕೊಡಬೇಕು, ಎಲ್ಲಿಂದ ಕೊಡಬೇಕು? ನಮ್ಮ ಗಿರಣಿಯಲ್ಲಿ ಇಂಗ್ಲಿಷರ ಆಡುಮಾತು ಬಲ್ಲವರು ಒಬ್ಬರೇ. ನೆಟ್ಟಗೆ ಕಾಕಾನ ಹತ್ತಿರವೇ ಹೋದೆ.

ಆ ಶಬ್ದ ಕೇಳಿದ್ದೇ ಅವರ ಮುಖ ಅರಳಿತು. ಹಳೆಯ ಗೆಳೆಯನ ಹೆಸರು ಕೇಳಿದ ಹಾಗೆ.

“ಅಯ್ಯ, ಇದು ನನ್ನ ಕೂಗರೀ! ನಮ್ಮ ಹೈಸಾ ಇದ್ದಂಗ ಅವರದು ಹೀವ್ ಹೋ. ಹೀವ್ ಅಂದ್ರ ಎತ್ತು, ಜಗ್ಗು. ಹೋ ಅಂದ್ರ ಏನೂ ಅಲ್ಲ, ಎದಿಯಾಗಿಂದ ಬರೋ ಉಸುರು. ಹಿಂದಕ ಹಾಯಿ ಹಡಗದ ಕಾಲಕ್ಕ ಲಂಗರ ಎತ್ತಬೇಕಾದ್ರ ಗಾಣ ತಿರುವಿದಂಗ ಒಂದು ದೊಡ್ಡ ಗಾಲಿ ಇರತಿತ್ತಂತ. ಅದಕ್ಕ ತೊಲಿ ಹಾಕಿ ಹತ್ತಿಪ್ಪತ್ತು ಮಂದಿ ಎದಿಗೊಟ್ಟು ನೂಕಬೇಕು. ಒಬ್ಬಾವ ಹೀವ್ ಅನ್ನಾಂವ, ಹೋ ಅಂದಾಗ ಎಲ್ಲಾರೂ ಒಮ್ಮೆಲೇ. ನನ್ನ ಕಾಲಕ್ಕ ಲಂಗರಕ್ಕ ಉಗಿಯಂತ್ರ ಬಂದಿತ್ತು. ಹಗ್ಗಕ್ಕ ಮಾತ್ರ ಕೂಗ ಉಳದಿತ್ತು.” ಗಂಟಿನಿಂದ ಇಳಿದು, ಎರಡೂ ಕೈ ಎತ್ತಿ, ಸಮುದ್ರದ ಗಾಳಿ ಎದೆಗೆ ಬಡಿಯುತ್ತಿದೆಯೋ ಎಂಬಂತೆ ನಿಂತು, “ಹೀ…ವ್ ಹೋ!” ಎಂದು ಕೂಗಿ ತೋರಿಸಿದರು. ಅಟ್ಟದ ಪಾರಿವಾಳ ಹಾರಿದವು. ಆಳುಗಳು ನಕ್ಕರು.

“ಮತ್ತ ಅದನ್ನ ಒಬ್ಬರಿಗೆ ಕೊಡೂದು ಹ್ಯಾಂಗ?” ಅಂದೆ.

“ಆಂ, ಅದು ದಂಡಿ ಮ್ಯಾಲಿನ ಮಂದಿ ಚಾಷ್ಟಿ ಮಾತು. ಬ್ಯಾಡಾದ ಸಾಮಾನ ಎತ್ತಿ ಒಗಿಯೂಮುಂದ ನಾಕು ಮಂದಿ ಕೂಡಿ ಹಿಂಗ ಕೂಗಿ ಒಗೀತಾರಲ್ಲ, ಹಂಗ ಯಾರನ್ನರೆ ಕೆಲಸದಿಂದ ಎತ್ತಿ ಒಗದ್ರ ಅವಗ ಹೀವ್ ಹೋ ಕೊಟ್ರು ಅಂತಾರ. ಲಂಡನ್ನಿನ ಬಂದರದಾಗ ದಿನಾ ಕೇಳತಿದ್ದೆ.” ನಗುತ್ತಲೇ ಕೇಳಿದರು, “ಯಾರಿಗೆ ಕೊಟ್ರಂತ, ಪಾಪ?”

ಒಂದು ಸುಳ್ಳಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಸುಮ್ಮನಾದೆ.

ಸುಮ್ಮನಾದದ್ದರ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎತ್ತಿದ್ದ ಕೈಗಳನ್ನು ಮೆಲ್ಲಗೆ ಇಳಿಸಿದರು. ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿದರು. ಕೊನೆಗೆ ಒಂದೇ ಮಾತು ಕೇಳಿದರು: “ಯಾತಕಂತ?”

“ನೀವು ಕುಂತಿರತೀರಿ ಅಂತ.”

ಅವರು ಆಳುಗಳ ಕಡೆಗೆ ತಿರುಗಿದರು. ಅವರಲ್ಲಿ ಯಾರಾದರೂ ಮಾತಾಡುತ್ತಾರೆಂದು ನಾನೂ ಕಾದೆ. ವರ್ಷಗಟ್ಟಲೆ ಈ ಗಂಟಲಿಗೆ ಕೈ ಒಪ್ಪಿಸಿದವರು. ಹಣಮಪ್ಪ ಎಂಬವನಿದ್ದ, ಎಲ್ಲರಿಗಿಂತ ಗಟ್ಟಿಯಾಳು, ಹಗ್ಗದ ಮುಂದಿನ ಜಾಗ ಯಾವಾಗಲೂ ಅವನದೇ. ಅವನು ನೆಲ ನೋಡುತ್ತ ಅಂದ:

“ಸಿಟ್ಟಾಗಬ್ಯಾಡ ಕಾಕಾ. ಸಾಹೇಬ ಅನ್ನೂದರಾಗೂ ಖರೇ ಐತಿ. ನಾವು ದುಡದು ತಿಂದಿವಿ, ನೀ ಕುಂತು ತಿಂದಿ.”

ಮೌಲಾಸಾಬನ ಹೋಳಿಗೆಯಿಂದ ಹಿಡಿದು ಲಂಡನ್ನಿನ ರಾಣಿಯ ತನಕ ಎಲ್ಲರ ಮೇಲೂ ಸಾಲು ಕಟ್ಟಿದ ಕಾಕಾನ ಬಾಯಿಗೆ ಒಂದು ಮಾತು ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದರು. ಆಳುಗಳ ಕೈ ಹಗ್ಗದ ಮೇಲೆ ಹಾಗೇ ಇತ್ತು. ಬಹಳ ಹೊತ್ತು ಹಾಗೇ ಇತ್ತು.

ಮ್ಯಾನೇಜರರಿಗೆ ನಾನು ಆಮೇಲೆ ಹೇಳಿ ನೋಡಿದೆ. ಅವರು ತಾಳ್ಮೆಯಿಂದಲೇ ಕೇಳಿ, ಹಗ್ಗಕ್ಕೆ ಒಂದು ಕೈ ಹೆಚ್ಚಾದರೆ ಒಳ್ಳೆಯದಲ್ಲವೇ, ಎಂದರು. ಕಾಕಾನ ಬದಲಿಗೆ ಒಬ್ಬ ಹೊಸ ಆಳು ಹಗ್ಗಕ್ಕೆ ಬಂದ.

ಮುಂಗಾರು ಬಿದ್ದ ಮೇಲೆ ನರಗುಂದದಿಂದ ಬಾಯ್ಲರು ಬಂತು. ತಗ್ಗು ಗಾಲಿಗಳ ದೊಡ್ಡ ಬಂಡಿಯ ಮೇಲೆ ಕಟ್ಟಿ, ಜೋಡಿ ಜೋಡಿ ಎತ್ತು ಹೂಡಿ ತಂದರು. ರೋಣದ ಹತ್ತಿರದ ಹಳ್ಳದ ತನಕ ಎಲ್ಲ ಸುಸೂತ್ರ. ಹಳ್ಳದ ದಂಡೆ ಕಡಿದಾದ ಎರೆಯ ಮಣ್ಣು, ಮಳೆಗೆ ಬೆಣ್ಣೆಯಾಗಿತ್ತು. ಎತ್ತುಗಳ ಕಾಲು ನಿಲ್ಲಲಿಲ್ಲ. ಅವನ್ನು ಬಿಟ್ಟು ಬಂಡಿಗೆ ಹಗ್ಗ ಕಟ್ಟಿದರು. ಅದೇ ಆಳುಗಳು ದಂಡೆಯ ಮೇಲೆ ನಿಂತು ಜಗ್ಗಿದರು. ಹಣಮಪ್ಪ ಮಾತ್ರ, ಎಲ್ಲರಿಗಿಂತ ಬಲವಂತನೆಂದು, ಹಿಂದಿನ ಗಾಲಿಗೆ ಕಲ್ಲು ಕೊಡಲು ಕೆಳಗೆ ನಿಂತಿದ್ದ.

ಮ್ಯಾನೇಜರರೇ ಅಂಗಿಯ ತೋಳು ಮಡಚಿ, ಕೆಸರಿಗೆ ಇಳಿದು, ಹಗ್ಗಕ್ಕೆ ಕೈ ಹಚ್ಚಿದರು. ಇಲ್ಲಿಗೆ ಬಂದು ಕಲಿತ ಒಂದೇ ಕನ್ನಡ ಮಾತು, ಜಗ್ಗಿ, ಜಗ್ಗಿ, ಜಗ್ಗಿ ಎಂದು ಬಿಡದೆ ಕೂಗಿದರು. ಆಳುಗಳೂ ಬಿಡದೆ ಜಗ್ಗಿದರು, ಆದರೆ ಒಬ್ಬನು ಜಗ್ಗುವಾಗ ಇನ್ನೊಬ್ಬ ಉಸಿರು ತಗೊಳ್ಳುತ್ತಿದ್ದ. ಬಂಡಿ ಅರ್ಧ ಏರಿತು. ಮ್ಯಾನೇಜರರು ಉಸಿರಿಗಾಗಿ ಒಂದು ಗಳಿಗೆ ಬಾಯಿ ಮುಚ್ಚಿದರು. ಇಬ್ಬರು ಹಗ್ಗ ಬಿಗಿಹಿಡಿದು ನಿಂತರು, ಉಳಿದವರು ಸಡಿಲ ಬಿಟ್ಟರು.

ಬಂಡಿ ಹಿಂದಕ್ಕೆ ಉರುಳಿತು. ಹಣಮಪ್ಪನ ಕೂಗು ಕೇಳಿತು. ಆ ಕೂಗನ್ನು ನಾನು ಬರೆಯಲಾರೆ.

ಗಾಲಿ ಅವನ ಪಾದದ ಮೇಲೆ ಹತ್ತಿ ನಿಂತಿತ್ತು. ಎಲ್ಲರೂ ಸೇರಿ ಗಾಲಿ ಸರಿಸಿ ಅವನನ್ನು ತೆಗೆದು, ಗದಗಿನ ದವಾಖಾನಿಗೆ ಕಳಿಸಿದರು. ಬಾಯ್ಲರು ಅರ್ಧ ದಂಡೆಯಲ್ಲಿ ಕಲ್ಲುಗಳಿಗೆ ಆತು ಓರೆಯಾಗಿ ನಿಂತಿತು. ಮ್ಯಾನೇಜರರು ಕೆಸರಿನ ಕೈಯಲ್ಲೇ ನನ್ನ ತೋಳು ಹಿಡಿದು, ಆ ಕೂತಿರುತ್ತಿದ್ದ ಮನುಷ್ಯನ ಊರು ಯಾವುದು, ಎಂದರು.

ಗಜೇಂದ್ರಗಡಕ್ಕೆ ಅವರೇ ಜೀಪು ಓಡಿಸಿದರು. ಮನೆಯೊಳಗೆ ಕಾಲಿಟ್ಟ ನಾನು ಹೊಸ್ತಿಲಲ್ಲೇ ನಿಂತೆ. ಕಾಕಾ ಮಗ್ಗದ ಕುಣಿಯಲ್ಲಿ ಕೂತಿದ್ದರು. ಸೊಂಟದ ಮಟ್ಟ. ಅಷ್ಟು ಸಮುದ್ರ ದಾಟಿ ತಪ್ಪಿಸಿಕೊಂಡ ಕುಣಿಯಲ್ಲೇ. ಹೆಂಡತಿ ನೂಲು ಸುತ್ತುತ್ತಿದ್ದವಳು ಎದ್ದು ಅಡ್ಡ ನಿಂತಳು.

“ಯಾಕ ಬಂದ್ರಿ? ಕುಂತು ತಿನ್ನಾವನ್ನ ಕರಿಯಾಕ ಇಷ್ಟು ದೂರ ಬಂದ್ರೇನು?”

ನಾನು ನಡೆದದ್ದನ್ನು ಹೇಳಿದೆ. ಕಾಕಾ ಆಗಲೇ ಕುಣಿಯಿಂದ ಎದ್ದಿದ್ದರು. ಅವರು ಕೇಳಿದ್ದು ಮ್ಯಾನೇಜರರ ವಿಚಾರವಲ್ಲ, ಕೆಲಸದ ವಿಚಾರವಲ್ಲ. “ಭಾರ ಎಲ್ಲಿ ಐತಿ ಈಗ? ಹಗ್ಗ ತೊಯ್ದೈತೋ, ಒಣಾ ಐತೋ?”

ಹಳ್ಳದ ದಂಡೆಯ ಮೇಲೆ ಅವರು ಒಂದು ಕಲ್ಲು ಹುಡುಕಿ ಕೂತರು. ಎಲ್ಲರ ಮುಂದೆ, ಬೇಕೆಂದೇ, ಕಾಲ ಮೇಲೆ ಕಾಲು ಹಾಕಿ ಕೂತರು. ತಂಬಾಕು ಬಾಯಿಗೆ ಹಾಕಿದರು. ಅವತ್ತಿನ ಕೂಗಿನಲ್ಲಿ ಒಂದು ಬೈಗುಳ ಇರಲಿಲ್ಲ, ಒಂದು ನಗೆ ಇರಲಿಲ್ಲ. ಸೂರ್ಯ ಇಳಿಯುವುದರೊಳಗೆ ಬಾಯ್ಲರು ದಂಡೆ ಹತ್ತಿ ಒಣ ನೆಲದ ಮೇಲೆ ನಿಂತಿತು.

ಮ್ಯಾನೇಜರರು ಕೈ ಚಾಚಿದರು. ನಾಳೆಯಿಂದ ಬರಬೇಕು, ತಪ್ಪು ನನ್ನದು, ಎಂದರು. ಕಾಕಾ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಹಡಗಿನ ಇಂಗ್ಲಿಷಿನಲ್ಲಿ ಏನೋ ಹೇಳಿ ಬಿಟ್ಟರು. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು: “ಲಂಗರ ಎತ್ತಿ ಆಗೇತಿ ತಮ್ಮಾ. ನಡುನೀರಾಗ ಹಡಗ ಹಿಂದಕ್ಕ ಹೊಳ್ಳಸಾಕ ಬರೂದಿಲ್ಲ.”

ಗದಗಿಗೆ ಮಾತ್ರ ಹೋದರು, ನಾನೂ ಜೊತೆಗಿದ್ದೆ. ಹಣಮಪ್ಪ ಗೋಡೆಯ ಕಡೆಗೆ ಮುಖ ತಿರುವಿದ.

“ಬಾಯಿ ನಿಂತಾಗ ಕೈ ನಿಂದರಸಬೇಕಂತ ಎಷ್ಟು ವರ್ಷ ಕಲಿಸಿದ್ನೋ ಮಗನ, ನಿನ್ನ ಮಂದಿಗೆ?” ಎಂದರು ಕಾಕಾ.

“ನಿನ್ನ ಕೂಗ ಇರಲೇ ಇಲ್ಲಲ್ಲೋ ಕಾಕಾ,” ಹಣಮಪ್ಪ ಗೋಡೆಗೇ ಹೇಳಿದ, “ಇಲ್ಲದ್ದು ನಿಂತದ್ದು ನಮಗ ಹ್ಯಾಂಗ ಕೇಳಬೇಕು?”

ಕಾಕಾ ಅವನ ಒಳ್ಳೆಯ ಕಾಲನ್ನು ಒಂದಿಷ್ಟು ಹೊತ್ತು ಒತ್ತುತ್ತ ಕೂತಿದ್ದರು.

ಆಮೇಲೆ ಅವರು ರೋಣಕ್ಕೆ ಬರಲಿಲ್ಲ. ಸೀರೆ ತರುವವರು ಸುದ್ದಿ ತರುತ್ತಿದ್ದರು: ಮಗ್ಗದಲ್ಲೂ ಕೂಗುತ್ತಾರಂತೆ, ಓಣಿಯ ಮಗ್ಗಗಳೆಲ್ಲ ಅದೇ ತಾಳಕ್ಕೆ ಬಿದ್ದಿವೆಯಂತೆ. ಹೋದ ವಾರ ಬಂದ ಸುದ್ದಿ ಬೇರೆ. ಎದೆ ಹಿಡಿದುಕೊಂಡು ಕುಣಿಯಲ್ಲೇ ಹೋದರಂತೆ.

ಗಿರಣಿಯ ಆಳುಗಳೆಲ್ಲ ನನ್ನ ಜೊತೆ ಬಸ್ಸು ಹತ್ತಿದರು. ಹಣಮಪ್ಪ ಕೋಲೂರಿಕೊಂಡು ಬಂದ. ಓಣಿಯವರು ಚಟ್ಟ ಕಟ್ಟಿ ಮುಗಿಸಿದ್ದರು. ನಾವು ಹೊರುತ್ತೇವೆ ಎಂದು ಇವರು ಕೇಳಿಕೊಂಡರು, ಓಣಿಯ ಹಿರಿಯರು ಒಪ್ಪಿದರು. ಮೌಲಾಸಾಬನೂ ಇನ್ನೂ ಮೂವರು ಆಳುಗಳೂ ಬಗ್ಗಿ ನಾಲ್ಕು ಕಡೆ ಬಿದಿರಿಗೆ ಕೈ ಹಾಕಿದರು. ಕೋಲು ಗೋಡೆಗೆ ಆನಿಸಿ ಹಣಮಪ್ಪನೂ ಒಂದು ಕೈ ಹಚ್ಚಿದ.

ಮತ್ತೆ ಯಾರೂ ಎತ್ತಲಿಲ್ಲ.

“ಎತ್ರಿ” ಎಂದರು ಹಿರಿಯರು. ಎತ್ತಲಿಲ್ಲ. “ಹೊತ್ತಾತು, ಎತ್ರಪಾ” ಎಂದರು ಇನ್ನೊಬ್ಬರು. ಬಗ್ಗಿದವರು ಬಗ್ಗಿಯೇ ಇದ್ದರು. ತೋಳಿನ ನರ ಉಬ್ಬಿದ್ದವು, ಕಣ್ಣು ನೆಲದಲ್ಲಿ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಹೆಂಗಸು ಹೆದರಿ ಮಗುವನ್ನು ಒಳಗೆ ಎಳೆದುಕೊಂಡಳು. ಅವರಿಗೆ ಬರುತ್ತಿರಲಿಲ್ಲ. ಕೂಗಿಲ್ಲದೆ ಕಾಕಾನನ್ನು ಎತ್ತುವುದು ಆ ಕೈಗಳಿಗೆ ಬರುತ್ತಿರಲಿಲ್ಲ. ನಾನು ಕೂಗಬೇಕೆಂದು ಬಾಯಿ ತೆರೆದೆ. ಒಂದು ಸಾಲೂ ಹೊಳೆಯಲಿಲ್ಲ.

ಆಗ ಹೆಂಗಸರ ನಡುವಿನಿಂದ ಆಕೆ ಎದ್ದು ಬಂದಳು. ಬಳೆ ಒಡೆದ ಕೈಗಳನ್ನು ಸೊಂಟದ ಮೇಲಿಟ್ಟು, ಗಂಡನ ಕಾಲ ಕಡೆಗೆ ನಿಂತು, ಹಣಮಪ್ಪನನ್ನೇ ನೋಡುತ್ತ, ಓಣಿ ನಡುಗುವ ಹಾಗೆ ಕೂಗಿದಳು:

“ಕುಂತು ಉಂಡಾನೋ ನನ ಗಂಡಾ…”

ಹಣಮಪ್ಪನ ತುಟಿ ಅಲುಗಿತು. ಅವನ ಒಡೆದ ದನಿಯೇ ಮೊದಲು ಬಂತು. “ಹೈಸಾ!”

ಚಟ್ಟ ಸೊಂಟಕ್ಕೆ ಬಂತು.

“ಮಲಗಿ ಹೊಂಟಾನೋ ನನ ಗಂಡಾ…”

“ಹೈಸಾ!”

ನಾಲ್ಕೂ ಹೆಗಲಿಗೆ ಒಮ್ಮೆಲೇ ಏರಿತು, ಒಂದು ಹೂವು ಜಾರಲಿಲ್ಲ.

ಹೆಣ್ಣುಮಕ್ಕಳು ಮಣ್ಣಿನ ತನಕ ಬರಬಾರದೆಂದು ಹಿರಿಯರು ಓಣಿಯ ತಿರುವಿನಲ್ಲಿ ಆಕೆಯನ್ನು ತಡೆದರು. ಆಕೆ ಬಾಯಿ ಮುಚ್ಚಿ ನಿಂತಳು. ಹೆಣವೂ ನಿಂತಿತು. ತಡೆದವರೇ ಗಾಬರಿಯಾಗಿ ದಾರಿ ಬಿಟ್ಟರು. ನೀರಿನ ಮೇಲೆ ನಡೆದವನು, ಬಾಯಲ್ಲಿ ಭಾರ ಎತ್ತಿದವನು, ನಿದ್ದೆಯಲ್ಲಿ ಕರೆದವನು ಎಂದು ಸಾಲಿಗೆ ಸಾಲು ಕಟ್ಟುತ್ತ ಆಕೆ ಹಿಂದೆ ನಡೆದಳು, ಅವರು ಹೆಜ್ಜೆಗೆ ಹೆಜ್ಜೆ ಮಾರುತ್ತರ ಕೊಡುತ್ತ ಮುಂದೆ ನಡೆದರು. ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಎದ್ದು ನಿಂತು ನೋಡಿದರು.

ತೋಡಿಟ್ಟ ಕುಣಿಯ ಅಂಚಿಗೆ ಬಂದೆವು. ಇನ್ನು ಇಳಿಸುವುದೊಂದೇ ಬಾಕಿ. ಆಕೆ ಕುಣಿಯನ್ನು ನೋಡಿದಳು, ಅದರ ಆಳ ನೋಡಿದಳು, ಮತ್ತೆ ಗಂಡನ ಮುಖ ನೋಡಿದಳು.

ಸುಮ್ಮನಾದಳು.

ಕೈಗಳು ನಿಂತವು.